ಉಳಿದ ತಿಂಗಳು

ಸೂಪರ್‌ಮಾರ್ಕೆಟ್ಟಿನವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನಲ್ಲಿ
ಒಂದೊಂದು ದಿನಕ್ಕೂ ಎರಡೆರಡು ತಾರೀಕು,
ನಮ್ಮದೊಂದು, ಚಂದ್ರನದೊಂದು.
ಕೆಳಗೆ ರಿಯಾಯಿತಿ: ಸೋನಾ ಮಸೂರಿ, ಟ್ಯೂನಾ ಡಬ್ಬಿ.
ಅದರ ಬೆನ್ನಿಗೆ ಸ್ಕೇಲು ಹಿಡಿದು
ಮೂವತ್ತು ಮನೆ ಎಳೆದೆ.

ಯುದ್ಧಕಾಲೇ ಶಸ್ತ್ರಾಭ್ಯಾಸ, ಅಂದ ಈರಣ್ಣ.
ಅಂದು, ಪೆನ್ಸಿಲು ಚೂಪು ಮಾಡಿಕೊಟ್ಟ.

ನಾನು ನಾನೇ ಎಂದು ಹುನಗುಂದದ ಆಸ್ಪತ್ರೆ
ಪತ್ರ ಬರೆಯಲು ತಗೊಂಡದ್ದು ಐದು ತಿಂಗಳು.
ನನಗೆ ಉಳಿದದ್ದು ಒಂದು.
ಅದೂ ಆಗಸ್ಟು: ಅಜ್ಮಾನಿನ ಹಬೆ ಕಿಟಕಿಗೆ ಅಂಟಿ
ಹಗಲಿಡೀ ಬೆವರುತ್ತದೆ ಗಾಜು,
ಸ್ಕೂಲಿಗೆ ರಜೆ, ಸಿರಿ ಮೊಣಕಾಲ ಮೇಲೆ.

ಹೃದಯಕ್ಕೆ ಏಳು ದಿನ.
ಶ್ವಾಸಕೋಶಕ್ಕೆ ಎರಡು.
ಬಸುರಿ ಬಾಣಂತನಕ್ಕೆ ಒಂದೇ ಸಾಕು;
ಕರೆಂಟು ಹೋದ ರಾತ್ರಿಗಳಲ್ಲಿ
ಮೊಬೈಲಿನ ಬೆಳಕಿಗೆ
ಎಷ್ಟು ಕೂಸು ಹಿಡಿದಿಲ್ಲ ಈ ಕೈ!
ಆದರೆ ಈ ಪರೀಕ್ಷೆ ಕೈಯನ್ನು ಕೇಳುವುದಿಲ್ಲ.
ನಾಲ್ಕು ಉತ್ತರ ಮುಂದಿಟ್ಟು,
ನಾಲ್ಕೂ ಸರಿಯೇ ಅನ್ನಿಸುವಂತೆ ಇಟ್ಟು,
ಮೊದಲು ಏನು ಮಾಡುವಿರಿ ಎನ್ನುತ್ತದೆ
ಒಂದು ನಿಮಿಷದಷ್ಟು ಸೈರಣೆಯಲ್ಲಿ.

ಭಾನುವಾರ ಸಂಜೆ ಈರಣ್ಣ
ಮಗಳನ್ನು ಕಡಲ ದಂಡೆಗೆ ಕರೆದೊಯ್ದ ಮೂರು ತಾಸಿನಲ್ಲಿ
ಮೂತ್ರಪಿಂಡ, ಎರಡೂ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಚಾಚಿದೆ, ಪಾದ ಹೊರಗುಳಿಯಿತು.
ಚರ್ಮ, ಕಿವಿ, ಸಕ್ಕರೆ ರೋಗಿಯ ಪಾದ,
ಇವನ್ನೆಲ್ಲ ಇಪ್ಪತ್ತೇಳನೆಯ ಮನೆಗೆ ದೂಡಿ
ಪಕ್ಕದಲ್ಲಿ 'ಆದರೆ' ಎಂದು ಬರೆದೆ.
ಔಷಧಶಾಸ್ತ್ರ ಎಲ್ಲಿಯೂ ಹಿಡಿಸಲಿಲ್ಲ.

ಆರನೆಯ ದಿನ, ಹೃದಯ ಇನ್ನೂ ಮುಗಿದಿಲ್ಲ,
ನೀರಿನ ಕ್ಯಾನು ಹೊತ್ತು ಬಂದ ವಾಚ್‌ಮನ್ ಮೊಫಿಜುಲ್.
ಎಡ ಚಪ್ಪಲಿಯ ಬಾರು ಕತ್ತರಿಸಿಕೊಂಡಿದ್ದ,
ಕಾಲು ತೂರಲೆಂದು.
ಏನಿಲ್ಲ ಮೇಡಂ, ನೋವೇ ಇಲ್ಲ, ಅಂದ.
ಆ ಮಾತಿಗೇ ನನಗೆ ಭಯವಾದದ್ದು.

ಹೊಸ್ತಿಲಲ್ಲಿ ಮಂಡಿಯೂರಿದೆ.
ಪೆನ್ಸಿಲಿನ ಹಿಂತುದಿ ಅಂಗಾಲಿಗೆ ತಾಗಿಸಿದರೆ
ಅವನು ಲಿಫ್ಟಿನ ಕಡೆ ನೋಡುತ್ತ ನಿಂತಿದ್ದ, ಅರಿವೇ ಇಲ್ಲ.
ಬೆರಳ ಸಂದಿಯಲ್ಲಿ ಕಾಲು ದಿರ್ಹಮಿನಷ್ಟು ಕಪ್ಪು.
ಹೆಬ್ಬೆಟ್ಟು ಒತ್ತಿದಲ್ಲಿ ಗುಳಿ ಬಿದ್ದು
ಬಿದ್ದೇ ಇತ್ತು.

ನಾಲ್ಕು ಉತ್ತರ ತಾವಾಗಿ ಎದ್ದು ನಿಂತವು,
ಅದರ ಹಿಂದೆ ಪುಸ್ತಕದಲ್ಲಿಲ್ಲದ ಐದನೆಯದು:
ಈ ಊರಲ್ಲಿ ನೀನು ಡಾಕ್ಟರಲ್ಲ.

ಪಗಾರ ಆದಮೇಲೆ ಹೋಗ್ತೀನಿ, ಅಂದ.
ಪಗಾರಕ್ಕೆ ಇನ್ನೂ ಹನ್ನೊಂದು ದಿನ.
ಕಾಲಿಗಲ್ಲ, ಆ ಲೆಕ್ಕಕ್ಕೆ ನಾನು ರೇಗಿದೆ.
ಸಿರಿಗೆ ಚಪ್ಪಲಿ ಹಾಕಿ, ಒಲೆ ಆರಿಸಿ
ಟ್ಯಾಕ್ಸಿ ಹಿಡಿದೆ.

ಆಸ್ಪತ್ರೆಯ ಅರ್ಜಿಯಲ್ಲಿ
'ರೋಗಿಗೆ ಸಂಬಂಧ' ಎಂಬಲ್ಲಿ ಬಹಳ ಹೊತ್ತು ನಿಂತೆ.
ಫ್ಲ್ಯಾಟ್ ೩೦೪ ಎಂದು ಬರೆದೆ.
ಎಳೆ ಡಾಕ್ಟರು, ಗಡ್ಡ ಈಗಷ್ಟೇ ಮೂಡಿದವನು,
ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು
ಗೂಗಲ್ ನೋಡಿ ಬಂದಿದ್ದೀರಾ, ಅಂದ.
ಹೌದು ಅಂದೆ. ಜಗಳಕ್ಕೆ ನನ್ನ ಪಟ್ಟಿಯಲ್ಲಿ ಮನೆ ಇರಲಿಲ್ಲ.

ಎರಡು ಬೆರಳು ಹೋದವು. ಪಾದ ಉಳಿಯಿತು.

ಎರಡು ದಿನ ನನ್ನವೂ ಹೋದವು.
ರಾತ್ರಿ ಇಪ್ಪತ್ತೇಳರ ಮನೆಯಿಂದ
'ಪಾದ' ಅಳಿಸಿದೆ; ರಬ್ಬರಿನ ಹೊಟ್ಟು ಊದಿ ನೋಡಿದರೆ
ಅಕ್ಷರ ಹೋಗಿದೆ, ಒತ್ತಿದ ಗುರುತು ಹೋಗಿಲ್ಲ.
ಎಷ್ಟ್ ಉಳದಾವು, ಅಂದ ಈರಣ್ಣ
ಚಾದ ಕಪ್ಪು ಕ್ಯಾಲೆಂಡರಿನ ಮೇಲೆಯೇ ಇಟ್ಟು.
ಶ್ವಾಸಕೋಶಕ್ಕೆ ಉಂಗುರದಂಥ ಕಲೆ.

ಮರುದಿನ ಕ್ಯಾನು ತಂದವನು ಹೊಸ ಹುಡುಗ.
ಬಾಗಿಲಲ್ಲೇ ತಡೆದು ತಡೆದು ಕೇಳಿದ,
ನೀವು ಡಾಕ್ಟರಂತೆ, ಹೌದಾ?
ಇಪ್ಪತ್ತೆರಡು ದಿನ ತಡಿ, ಅಂದೆ.
ಅವನು ನಗಲಿಲ್ಲ, ಅಂಗಿಯ ತೋಳು ಮಡಚತೊಡಗಿದ.